"ಕಥೆ ಕಟ್ಟಿ" ಅಂದರೆ ಮಕ್ಕಳು ಯಾಕೆ ಸುಮ್ಮನಾಗುತ್ತಾರೆ?

ಪ್ರಶ್ನೆ: ನಾನು ನಾಲ್ಕರಿಂದ ಆರು ವರ್ಷದ 28 ಮಕ್ಕಳಿಗೆ ಟೀಚರ್. ನಾನು ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆದರೆ "ಈಗ ನೀವೊಂದು ಕಥೆ ಕಟ್ಟಿ ಹೇಳಿ" ಅಂದರೆ ಅರ್ಧ ಜನ ಸುಮ್ಮನಾಗುತ್ತಾರೆ, ಇನ್ನರ್ಧ ನಾನು ಹೇಳಿದ್ದನ್ನೇ ಒಪ್ಪಿಸುತ್ತಾರೆ. ಮಾತಾಡುವ ಇಬ್ಬರು ಮೂವರೇ ಯಾವಾಗಲೂ ಮಾತಾಡುತ್ತಾರೆ, ಅವರ ಕಥೆಯಲ್ಲಿ ಬರೀ ಹೊಡೆದಾಟ, ಸಾಯಿಸೋದು. ನನಗೆ ಅಭಿನಯ ಅಷ್ಟಕ್ಕಷ್ಟೇ. ಕೊನೆಯಲ್ಲಿ ನೀತಿ ಕೇಳಬೇಕಾ ಬೇಡ್ವಾ ಅನ್ನೋದೂ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮಕ್ಕಳಿಗೆ ಕಲ್ಪನೆ ಇಲ್ಲ ಅಂದುಕೊಳ್ಳಬೇಡಿ. ನೀವು ಕೇಳಿದ್ದು ಜಾಸ್ತಿ ಆಯಿತು, ಅಷ್ಟೇ. ಯಾರ ಕಥೆ, ಎಲ್ಲಿ ಶುರು, ಎಷ್ಟು ಉದ್ದ, ಎಲ್ಲಿಗೆ ನಿಲ್ಲಿಸಬೇಕು, ಇಷ್ಟನ್ನೂ ಆ ಮಗು ಒಂದೇ ಸಲ ತೀರ್ಮಾನ ಮಾಡಬೇಕು, ಅದೂ ಉಳಿದ 27 ಜನ ತನ್ನ ಮುಖವನ್ನೇ ನೋಡುತ್ತಿರುವಾಗ. ನಿಮ್ಮನ್ನೇ ಯಾರಾದರೂ ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ "ಒಂದು ಹೊಸ ಕಥೆ ಹೇಳಿ ನೋಡೋಣ" ಅಂದರೆ ನೀವೂ ತಡವರಿಸುತ್ತೀರಿ, ಅಲ್ವಾ? ಅಂಥ ಹೊತ್ತಿನಲ್ಲಿ ಗೊತ್ತಿರುವ ಕಥೆಯನ್ನೇ ಒಪ್ಪಿಸುವುದು ಜಾಣತನ. ಮಕ್ಕಳು ಅದನ್ನೇ ಮಾಡುತ್ತಿದ್ದಾರೆ.

ನಾನು ಎಲ್ಲ ಟೀಚರ್‌ಗಳಿಗೂ ಹೇಳುವುದು ಒಂದೇ. ಚೌಕಟ್ಟು ಬಿಗಿಯಾಗಿ ನಿಮ್ಮ ಕೈಯಲ್ಲಿರಲಿ, ಅದರೊಳಗೆ ಸಣ್ಣದೊಂದು ಖಾಲಿ ಜಾಗ ಮಾತ್ರ ಮಕ್ಕಳಿಗೆ ಬಿಡಿ. ಜಾಗ ಚಿಕ್ಕದಾದಷ್ಟೂ ಮಕ್ಕಳು ಧೈರ್ಯವಾಗಿ ನುಗ್ಗುತ್ತಾರೆ. "ನಿಮಗೆ ಇಷ್ಟ ಬಂದ ಹಾಗೆ ಹೇಳಿ" ಅನ್ನುವುದು ಕೇಳಲು ಉದಾರವಾಗಿದೆ, ತರಗತಿಯಲ್ಲಿ ಅದರಷ್ಟು ಕಷ್ಟದ ಪ್ರಶ್ನೆ ಇನ್ನೊಂದಿಲ್ಲ.

ಹೇಗೆ ಅಂತ ತೋರಿಸುತ್ತೇನೆ. ಎಲ್ಲರನ್ನೂ ಸುತ್ತ ಕೂರಿಸಿ. ನಡುವೆ ಒಂದು ಚಪ್ಪಲಿ ಇಡಿ, ನಿಜವಾದದ್ದೇ, ಒಂದೇ ಒಂದು. ಆಮೇಲೆ ಮೆಲ್ಲಗೆ ಶುರು ಮಾಡಿ: "ಒಂದು ಚಪ್ಪಲಿ ಇತ್ತು. ಬಲಗಾಲಿನದು. ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೆ, ಪಕ್ಕದಲ್ಲಿ ಎಡಗಾಲಿನ ಚಪ್ಪಲಿ ಇಲ್ಲ! 'ಏ ಎಡಾ, ಎಲ್ಲಿದೀಯೋ?' ಅಂತ ಕೂಗಿತು. ಉತ್ತರವೇ ಇಲ್ಲ. ಸರಿ, ಹುಡುಕಿಕೊಂಡು ಹೊರಟಿತು. ಆದರೆ ಇರೋದು ಒಂದೇ ಚಪ್ಪಲಿ ಅಲ್ವಾ, ಅದು ಹೇಗೆ ನಡೆಯುತ್ತೆ?"

ಇಲ್ಲಿ ನಿಲ್ಲಿಸಿ. ಯಾರೋ ಒಬ್ಬರು "ಕುಂಟ್ಕೊಂಡು" ಅನ್ನುತ್ತಾರೆ, ಇನ್ನೊಬ್ಬರು ಆಗಲೇ ಎದ್ದು ಕುಂಟಿ ತೋರಿಸುತ್ತಿರುತ್ತಾರೆ. ಬೈಯಬೇಡಿ, ಅದನ್ನೇ ಎತ್ತಿಕೊಳ್ಳಿ. "ಎಲ್ಲರೂ ಕೂತಲ್ಲೇ ಒಂದೇ ಕಾಲು ತಟ್ಟಿ: ಟಪ್... ಟಪ್... ಟಪ್..." ಈಗ ಬಾಯಿ ಬಿಡದ ಮಗುವೂ ಕಥೆಯೊಳಗೆ ಬಂದಾಯಿತು. ಮುಂದಿನ ಪ್ರಶ್ನೆ: "ಕುಂಟಿ ಕುಂಟಿ ಮೊದಲು ಯಾರ ಹತ್ತಿರ ಹೋಯಿತು?" ಒಬ್ಬಳು ನಾಯಿ ಅನ್ನುತ್ತಾಳೆ, ಒಬ್ಬ ಡೈನೋಸಾರ್ ಅಂತ ಕಿರುಚುತ್ತಾನೆ. ಎರಡನ್ನೂ ಇಟ್ಟುಕೊಳ್ಳಿ, ಮೊದಲು ನಾಯಿ, ಆಮೇಲೆ ಡೈನೋಸಾರ್. "ಡೈನೋಸಾರ್ ಏನು ಹೇಳಿತು?" ಅಂತ ಕೇಳಿದರೆ "ಇದು ನನ್ ಕಾಲಿಗೆ ಚಿಕ್ಕದು, ನಾನ್ಯಾಕೆ ಕದೀಲಿ" ಅನ್ನುವಂಥ ಮಾತು ಬರುತ್ತೆ ನೋಡಿ, ಅಲ್ಲಿ ಮಗು ಅಳತೆ, ಕಾರಣ, ವಾದ ಮೂರನ್ನೂ ಒಂದೇ ಉಸಿರಿಗೆ ಬಳಸಿಬಿಟ್ಟಿರುತ್ತೆ. ಕೊನೆಯನ್ನು ಮಾತ್ರ ನೀವೇ ಮೊದಲೇ ಇಟ್ಟುಕೊಂಡಿರಿ. ಎಡಗಾಲಿನ ಚಪ್ಪಲಿ ಮಂಚದ ಕೆಳಗೇ ಸಿಕ್ಕಿತು. ಯಾಕೆ ಅಲ್ಲಿ ಬಚ್ಚಿಟ್ಟುಕೊಂಡಿತ್ತು ಅನ್ನುವುದೊಂದನ್ನು ಮಕ್ಕಳಿಗೆ ಬಿಡಿ.

ಗಮನಿಸಿದಿರಾ, ಎಲ್ಲೂ "ಆಮೇಲೆ ಏನಾಯಿತು?" ಅಂತ ಕೇಳಿಲ್ಲ. ನಾವು ಟೀಚರ್‌ಗಳು ಅದನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಆದರೆ ಸಣ್ಣ ಮಕ್ಕಳಿಗೆ ಅದು ಮತ್ತೆ ಮೈದಾನದಷ್ಟು ದೊಡ್ಡ ಪ್ರಶ್ನೆ. ಹೇಗೆ ನಡೆಯಿತು, ಯಾರ ಹತ್ತಿರ ಹೋಯಿತು, ಏನು ಹೇಳಿತು, ಯಾವ ಸದ್ದು ಬಂತು, ಈ ಥರ ಕೇಳಿ. ಇನ್ನೊಂದು, ಮನಸ್ಸಿನಲ್ಲಿ "ಸರಿಯಾದ" ಉತ್ತರ ಇಟ್ಟುಕೊಂಡು ಕೇಳಬೇಡಿ. ಮಕ್ಕಳಿಗೆ ಅದರ ವಾಸನೆ ತಕ್ಷಣ ಬಡಿಯುತ್ತೆ. ಕಥೆ ಬಿಟ್ಟು ನಿಮ್ಮ ಮುಖ ಓದಲು ಶುರು ಮಾಡುತ್ತಾರೆ.

ಕೇಳಿದ ಮೇಲೆ ಕಾಯಿರಿ. ಇದು ಸುಲಭ ಅನಿಸುತ್ತೆ, ಆದರೆ ಇಡೀ ಕೆಲಸದಲ್ಲಿ ಇದೇ ಕಷ್ಟ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡಿನಷ್ಟೂ ಸರಿಯಾಗಿ ಕಾಯುತ್ತಿರಲಿಲ್ಲ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮಾತಾಡದ ಮಕ್ಕಳೂ ಬಾಯಿ ಬಿಟ್ಟರು. ಅವರು ನೋಡಿದ್ದು ವಿಜ್ಞಾನದ ಪಾಠಗಳನ್ನು, ಆದರೆ ಕಥೆಗೂ ಇದು ಹೊಂದುತ್ತೆ. ನಿಮ್ಮ "ಮಾತಾಡುವ ಇಬ್ಬರು ಮೂವರು" ಬೇರೆಯವರಿಗಿಂತ ಜಾಣರು ಅಂತೇನಿಲ್ಲ, ಬೇಗ ಅಷ್ಟೇ. ನೀವು ಮೊದಲ ಉತ್ತರಕ್ಕೇ ಹಾರಿಬಿದ್ದರೆ ನಿಧಾನದ ಮಗುವಿಗೆ ಸರದಿಯೇ ಬರುವುದಿಲ್ಲ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ತುಂಬಾ ಹೊತ್ತು ಅನಿಸುತ್ತೆ. ಅನಿಸಲಿ ಬಿಡಿ.

ಯಾವ ಕಥೆ ಯಾರಿಗೆ ಅನ್ನುವುದನ್ನೂ ನೋಡಿಕೊಳ್ಳಬೇಕು. ನರಿ ಕಾಗೆಗೆ ಮೋಸ ಮಾಡುವಂಥ ಉಪಾಯದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಪುಟ್ಟ ಮಕ್ಕಳಿಗೆ ಅವನ್ನೇ ಮೊದಲು ಹೇಳುತ್ತೇವೆ. ಆದರೆ ಉಪಾಯ ಅರ್ಥವಾಗಬೇಕಾದರೆ "ನನಗೆ ಗೊತ್ತಿರೋದು ಕಾಗೆಗೆ ಗೊತ್ತಿಲ್ಲ" ಅನ್ನುವುದು ಮಗುವಿಗೆ ಹೊಳೆಯಬೇಕಲ್ಲ. 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಸಣ್ಣ ಕಥೆ ಹೇಳಿ ಇದನ್ನೇ ಪರೀಕ್ಷೆ ಮಾಡಿದರು. ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಇಡುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಸಾಮಾನ್ಯವಾಗಿ ಚಾಕೊಲೇಟ್ ನಿಜವಾಗಿ ಇರುವ ಕಪಾಟನ್ನೇ ತೋರಿಸುತ್ತಾರೆ. ತಮಗೆ ಗೊತ್ತಿದೆ ಅಂದಮೇಲೆ ಅವನಿಗೂ ಗೊತ್ತು! ನಾಲ್ಕರಿಂದ ಆರರ ನಡುವೆ ಇದು ಬದಲಾಗುತ್ತಾ ಹೋಗುತ್ತೆ. ನಿಮ್ಮ ತರಗತಿ ಸರಿಯಾಗಿ ಆ ದಾಟುವ ವಯಸ್ಸಿನದು. ಹಾಗಾಗಿ ಉಪಾಯದ ಕಥೆಯಲ್ಲಿ ದೊಡ್ಡವರು ಬಿದ್ದು ಬಿದ್ದು ನಗುವಾಗ ಚಿಕ್ಕವರು ಪಿಳಿಪಿಳಿ ನೋಡಿದರೆ ಗಮನ ಕೊಡುತ್ತಿಲ್ಲ ಅಂದುಕೊಳ್ಳಬೇಡಿ. ಚಿಕ್ಕವರಿಗೆ ಹುಡುಕುವ ಕಥೆ, ಕಳೆದುಹೋದ ಕಥೆ, ಒಬ್ಬರಾದ ಮೇಲೆ ಒಬ್ಬರು ಬಂದು ಸೇರುವ ಕಥೆ ಇಷ್ಟವಾಗುತ್ತೆ. ಒಂದೇ ಸಾಲು ಮತ್ತೆ ಮತ್ತೆ ಬರಬೇಕು. ಎರಡನೇ ಸಲಕ್ಕೇ ಅವರು ಅದನ್ನು ನಿಮ್ಮ ಜೊತೆ ಹೇಳಲು ಶುರು ಮಾಡುತ್ತಾರೆ, ಮೂರನೇ ಸಲ ನೀವು ಬಾಯಿ ಮುಚ್ಚಿದರೂ ನಡೆಯುತ್ತೆ.

ಐದಾರು ವರ್ಷದವರಿಗೆ ಇನ್ನೊಂದು ಆಟ ಇದೆ. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೋದಾರಿ ಶಾಲೆಗಳಲ್ಲಿ ಮಾಡಿ ನೋಡಿ, 1973ರ ತನ್ನ ಪುಸ್ತಕದಲ್ಲಿ ಬರೆದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ ತಗೊಳ್ಳಬೇಕು. ಅವನ ಉದಾಹರಣೆ ನಾಯಿ ಮತ್ತು ಕಪಾಟು. ಕುದುರೆ–ನಾಯಿ ಅಂದರೆ ಏನೂ ಹುಟ್ಟುವುದಿಲ್ಲ, ಎರಡೂ ಪ್ರಾಣಿ, ಮನಸ್ಸು ಅಲ್ಲೇ ಮಲಗಿಬಿಡುತ್ತೆ. ನಾಯಿಯನ್ನೂ ಕಪಾಟನ್ನೂ ಪಕ್ಕಪಕ್ಕ ಇಟ್ಟರೆ ಏನಾದರೂ ಮಾಡಿ ಅವನ್ನು ಸೇರಿಸಲೇಬೇಕಾಗುತ್ತೆ. ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕೂರುತ್ತೆ, ಬರೀ ಪ್ರತ್ಯಯ ಬದಲಾಯಿಸುತ್ತಾ ಹೋದರೆ ಸಾಕು. ಕಪಾಟಿನಲ್ಲಿ ನಾಯಿ. ನಾಯಿಯ ಕಪಾಟು. ಕಪಾಟಿನ ಮೇಲಿಂದ ನಾಯಿ. ಕಪಾಟಿಗೆ ಹೆದರುವ ನಾಯಿ. ಕಪಾಟು ಹೊತ್ತುಕೊಂಡು ಹೊರಟ ನಾಯಿ. ಯಾವುದು ಬೇಕು ಅಂತ ಮಕ್ಕಳನ್ನು ಕೇಳಿ. "ನಾಯಿಯ ಕಪಾಟು" ಅಂದರೆ ಒಳಗೆ ಏನೇನಿದೆ ಅನ್ನುವುದರಲ್ಲೇ ಒಂದು ಪಿರಿಯಡ್ ಕಳೆಯುತ್ತೆ. ಒಂದು ಡಬ್ಬಿಯಲ್ಲಿ ಪ್ರಾಣಿಗಳ ಚಿತ್ರ, ಇನ್ನೊಂದರಲ್ಲಿ ವಸ್ತುಗಳ ಚಿತ್ರ ಹಾಕಿಟ್ಟುಕೊಂಡು ಒಂದೊಂದು ತೆಗೆಸಿ. ಅದಕ್ಕಿಂತ ದೊಡ್ಡ ಸಾಮಾನು ಏನೂ ಬೇಡ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಸ್ಟೋರಿ ಕಿಟ್‌ಗಳ ಬಗ್ಗೆ ನನಗೆ ಅಂಥ ಮೋಹ ಇಲ್ಲ. ಮಕ್ಕಳು ಕಥೆ ಬಿಟ್ಟು ಕಿಟ್‌ಗಾಗಿ ಕಿತ್ತಾಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದೊಂದನ್ನೇ ಮಾಡಿದರೂ ನಿಮ್ಮ ಅರ್ಧ ಸಮಸ್ಯೆ ಕಳೆಯುತ್ತೆ. ವಿವಿಯನ್ ಪೇಲಿ ಅಂತ ಒಬ್ಬರು ಟೀಚರ್ ಇದ್ದರು (1929–2019), ಷಿಕಾಗೋದಲ್ಲಿ ಬಹಳ ವರ್ಷ ಕಿಂಡರ್‌ಗಾರ್ಟನ್ ಮಕ್ಕಳಿಗೆ ಪಾಠ ಮಾಡಿದವರು. 1989ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಅನ್ನುವ ಅಮೆರಿಕದ ದೊಡ್ಡ ಗೌರವ ಬಂತು, ಅಷ್ಟು ಸಣ್ಣ ಮಕ್ಕಳ ಟೀಚರ್‌ಗೆ ಇಂಥದ್ದು ಸಿಗುವುದು ಅಪರೂಪ. ಅವರ ವಿಧಾನದಲ್ಲಿ ಎರಡೇ ಭಾಗ: ಮಗು ಕಥೆ ಹೇಳುತ್ತೆ, ಟೀಚರ್ ಅದನ್ನು ಬರೆದುಕೊಳ್ಳುತ್ತಾರೆ. ಅದೇ ದಿನ ಇಡೀ ತರಗತಿ ಅದನ್ನು ಆಡಿ ತೋರಿಸುತ್ತೆ. ಎರಡನೇ ಭಾಗ ಬಿಟ್ಟರೆ ಮೊದಲನೆಯದಕ್ಕೆ ಜೀವ ಇಲ್ಲ. ಬರೆದು ಫೈಲಿಗೆ ಹಾಕುತ್ತೀರಿ ಅಂದರೆ ಮಗು ಯಾಕಾದರೂ ಹೇಳಬೇಕು? ಸಂಜೆಯೊಳಗೆ ತನ್ನ ಕಥೆಯ ಹುಲಿ ಎಲ್ಲರ ಮುಂದೆ ಗರ್ಜಿಸುತ್ತೆ ಅಂದರೆ ಹೇಳುತ್ತೆ.

ಬರೆದುಕೊಳ್ಳುವಾಗ ಮಗುವಿನ ಪಕ್ಕ ಕೂತುಕೊಳ್ಳಿ, ನೀವು ಬರೆಯುವುದು ಅದಕ್ಕೆ ಕಾಣಬೇಕು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. "ಹುಲಿ ಬಂತು. ಮನೆ ಬಿದ್ದೋಯ್ತು. ಹುಲಿ ಅಳ್ತಿತ್ತು." ಇದನ್ನು "ಹುಲಿಯು ಅಳುತ್ತಿತ್ತು" ಅಂತ ತಿದ್ದಬೇಡಿ. ಮನೆಯ ಭಾಷೆಯ ಪದ ನಡುವೆ ಬಂದರೆ ಅದೂ ಹಾಗೇ ಇರಲಿ. ಪ್ರತಿ ಪದವನ್ನೂ ಬರೆಯುತ್ತಾ ಜೋರಾಗಿ ಹೇಳಿ. ಬಾಯಲ್ಲಿ ಆಡಿದ್ದು ಕಾಗದದ ಮೇಲೆ ಅಕ್ಷರವಾಗುವುದನ್ನು ಮಗು ಕಣ್ಣಾರೆ ನೋಡುತ್ತೆ, ಓದು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಒಂದು ಪುಟ ತುಂಬಿದರೆ ಮುಗೀತು, ಅದೇ ನಿಯಮ. ಇಲ್ಲದಿದ್ದರೆ ನಿಮ್ಮ ಮಾತುಗಾರರು ಊಟದ ಬೆಲ್ ಹೊಡೆಯುವವರೆಗೂ ಬಿಡುವುದಿಲ್ಲ. ಒಂದೇ ಸಾಲು ಹೇಳಿ ಸುಮ್ಮನಾದರೆ ಅದೂ ಕಥೆಯೇ. ಕೊನೆಗೆ ಓದಿ ಹೇಳಿ, "ಹೀಗೇನಾ?" ಅಂತ ಕೇಳಿ. ಮಗು ಏನಾದರೂ ಬದಲಾಯಿಸು ಅಂದರೆ ಬದಲಾಯಿಸಿ. ಈ ಕಥೆಯಲ್ಲಿ ನೀನು ಏನಾಗ್ತೀಯಾ ಅಂತಲೂ ಆಗಲೇ ಕೇಳಿಟ್ಟುಕೊಳ್ಳಿ.

ಆಡಿಸುವುದಕ್ಕೆ ನೆಲದ ಮೇಲೆ ಟೇಪ್ ಹಚ್ಚಿ ದೊಡ್ಡ ಚೌಕ ಮಾಡಿ, ಮಕ್ಕಳು ಸುತ್ತ ಕೂರಲಿ. ವೇಷ ಬೇಡ, ಸಾಮಾನು ಬೇಡ. ಕಥೆ ಹೇಳಿದ ಮಗು ತನ್ನ ಪಾತ್ರ ತಗೊಳ್ಳುತ್ತೆ, ಉಳಿದ ಪಾತ್ರಗಳು ಕೂತ ಸಾಲಿನ ಪ್ರಕಾರ. ಹುಲಿಗೆ ಒಬ್ಬಳು, ಮನೆಗೆ ಪಕ್ಕದ ಇಬ್ಬರು, ಮಳೆಗೆ ಆಚೆಯ ಮೂವರು. ಕೈ ಎತ್ತಿಸಿ ಆರಿಸಬೇಡಿ. ಕೈ ಎತ್ತುವವರು ಯಾರು ಅಂತ ನಿಮಗೇ ಗೊತ್ತು. ಸಾಲಿನ ಪ್ರಕಾರ ಹೋದರೆ ಮಾತುಗಾರರ ಸಮಸ್ಯೆ ಅಲ್ಲೇ ತಣ್ಣಗಾಗುತ್ತೆ, ನಾಚಿಕೆಯ ಮಗುವಿಗೂ ಯಾರೂ "ಬಾ ಬಾ" ಅಂತ ಗೋಗರೆಯಬೇಕಾಗಿಲ್ಲ. ಬೇಡ ಅಂದರೆ ಒತ್ತಾಯ ಮಾಡದೆ ಮುಂದಿನವರಿಗೆ ಹೋಗಿ. ಮರವಾಗಿ ಸುಮ್ನೆ ನಿಲ್ಲುವ ಪಾತ್ರ ಬಂದಾಗ ಅದೇ ಮಗು ಎದ್ದು ಬರುತ್ತೆ, ಸಾಮಾನ್ಯವಾಗಿ. ನೀವು ಚೌಕದ ಅಂಚಿನಲ್ಲಿ ನಿಂತು ಕಥೆಯನ್ನು ನಿಧಾನವಾಗಿ ಓದುತ್ತಾ ಹೋಗಿ, ಅವರು ಮಾಡುತ್ತಾ ಹೋಗಲಿ. ಎರಡು ನಿಮಿಷದಲ್ಲಿ ಮುಗಿಯುತ್ತೆ. ಚಪ್ಪಾಳೆ, ಮುಂದಿನ ಕಥೆ.

ಹೊಡೆದಾಟದ ವಿಷಯ. ಸಣ್ಣ ಮಕ್ಕಳ ಕಥೆಯಲ್ಲಿ ಸಾವು, ಹೊಡೆತ, ನುಂಗುವುದು, ಮನೆ ಉರಿಯುವುದು, ಉಚ್ಚೆ ಕಕ್ಕಸು ಎಲ್ಲವೂ ಬರುತ್ತೆ. ಇದು ಕೆಟ್ಟ ಬುದ್ಧಿಯ ಗುರುತಲ್ಲ. ಭಯವನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡು ನೋಡುವುದಕ್ಕೆ ಅವರಿಗೆ ಸಿಗುವ ಜಾಗ ಅದೇ. ತಡೆದರೆ ಕಥೆಗಳು ಒಳ್ಳೆಯವಾಗುವುದಿಲ್ಲ, ಟೀಚರ್‌ಗೆ ಬೇಕಾದ ಸಪ್ಪೆ ಕಥೆಗಳಾಗುತ್ತವೆ. ಆದರೆ ಆಡುವಾಗ ಒಂದು ನಿಯಮ ಕಟ್ಟುನಿಟ್ಟು: ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಎರಡು ಮಾರು ದೂರದಲ್ಲಿ ನಿಂತು ಗಾಳಿಯಲ್ಲಿ ಹೊಡೆಯಬೇಕು, ಅದೂ ನಿಧಾನಗತಿಯಲ್ಲಿ. ಬರೆದುಕೊಳ್ಳುವಾಗ "ಹೊಡೆದ, ಹೊಡೆದ, ಹೊಡೆದ" ಅಂತಲೇ ಬರುತ್ತಿದ್ದರೆ ಉಪದೇಶ ಬೇಡ, ಒಂದು ಪ್ರಶ್ನೆ ಸಾಕು: "ರಾಕ್ಷಸನಿಗೆ ಯಾಕೆ ಅಷ್ಟು ಕೋಪ?" ಉತ್ತರ ಬಂತು ಅಂದರೆ ಕಥೆಗೆ ಒಂದು ಕಾರಣ ಹುಟ್ಟಿತು, ಬರದಿದ್ದರೆ ಅಷ್ಟಕ್ಕೇ ಬಿಡಿ.

ಒಂದು ಎಚ್ಚರಿಕೆ. ಒಂದೇ ಮಗು ಒಂದೇ ಥರದ, ನಿಜ ಜೀವನದ್ದು ಅನಿಸುವ ಭಯದ ಸಂಗತಿಯನ್ನು ಮತ್ತೆ ಮತ್ತೆ ಹೇಳಿದರೆ, ಅದರಲ್ಲೂ ಗೊತ್ತಿರುವ ದೊಡ್ಡವರೊಬ್ಬರು ನೋಯಿಸುವ ಹಾಗೆ ಬಂದರೆ, ಅದನ್ನು ಆಡಿಸಬೇಡಿ. ಎಲ್ಲರೆದುರು ಕೆದಕಲೂ ಬೇಡಿ. ಹೇಳಿದ ಮಾತನ್ನು ಹಾಗೇ ಬರೆದಿಟ್ಟು, ಶಾಲೆಯಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರಿಗೆ ಅವತ್ತೇ ತಿಳಿಸಿ. ನೀವೇ ಪತ್ತೇದಾರಿ ಮಾಡುವುದು ಬೇಡ.

ಅಭಿನಯ ಬರುವುದಿಲ್ಲ ಅಂದಿರಿ. ಒಳ್ಳೆಯದೇ ಆಯಿತು ಅನ್ನುತ್ತೇನೆ. ಐದು ಬಗೆಯ ದನಿ ಮಾಡಿ ಕುಣಿದು ಕಥೆ ಹೇಳುವ ಟೀಚರ್ ಮುಂದೆ ಮಕ್ಕಳು ಪ್ರೇಕ್ಷಕರಾಗಿಬಿಡುತ್ತಾರೆ, ಅಷ್ಟು ಚೆನ್ನಾಗಿ ತಮಗೆ ಬರಲ್ಲ ಅಂತ ಕೈಕಟ್ಟಿ ಕೂರುತ್ತಾರೆ. ನೀವು ನಿಮ್ಮ ಮಾಮೂಲಿ ದನಿಯಲ್ಲಿ, ಸ್ವಲ್ಪ ನಿಧಾನವಾಗಿ, ಒಬ್ಬೊಬ್ಬರ ಮುಖ ನೋಡುತ್ತಾ ಹೇಳಿ. ಭಯದ ಜಾಗದಲ್ಲಿ ದನಿ ಏರಿಸುವ ಬದಲು ಇಳಿಸಿ, ಎಲ್ಲರೂ ಮುಂದಕ್ಕೆ ಬಾಗುತ್ತಾರೆ. ಕಥೆಯನ್ನು ಬಾಯಿಪಾಠ ಮಾಡಬೇಡಿ, ನಡುವೆ ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತೆ. ಮೊದಲ ಸಾಲು, ಕೊನೆಯ ಸಾಲು, ಮತ್ತೆ ಮತ್ತೆ ಬರುವ ಸಾಲು, ಈ ಮೂರನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಉಳಿದದ್ದನ್ನು ಚಿತ್ರಗಳಾಗಿ ನೆನಪಿಡಿ: ಬಾಗಿಲು, ದಾರಿ, ನಾಯಿ, ಡೈನೋಸಾರ್, ಮಂಚ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋದರೆ ಕಥೆ ತಾನೇ ಬರುತ್ತೆ.

ನೀತಿ ಕೇಳಬೇಡಿ. ಕಥೆ ಮುಗಿದ ತಕ್ಷಣ "ಇದರಿಂದ ಏನು ಕಲಿತಿರಿ?" ಅಂದರೆ ಕೇಳಿದ ಕಥೆಯೆಲ್ಲ ಪರೀಕ್ಷೆಗೆ ತಯಾರಿ ಆಗಿಬಿಡುತ್ತೆ. ಮಕ್ಕಳು "ಸುಳ್ಳು ಹೇಳಬಾರದು" ಅಂತ ಸಿದ್ಧ ಉತ್ತರ ಒಪ್ಪಿಸುತ್ತಾರೆ, ಕಥೆಯಲ್ಲಿ ಸುಳ್ಳೇ ಇರದಿದ್ದರೂ. ಏನಾದರೂ ಕೇಳಲೇಬೇಕು ಅನಿಸಿದರೆ "ನರಿ ಮನೆಗೆ ಹೋಗಿ ಅವರಮ್ಮನಿಗೆ ಏನು ಹೇಳಿರಬಹುದು?" ಅಂತ ಕೇಳಿ ನೋಡಿ. ತಪ್ಪು, ನಾಚಿಕೆ, ನೆಪ ಎಲ್ಲವೂ ಆ ಉತ್ತರದಲ್ಲೇ ಬರುತ್ತೆ, ನೀವು ಬೋಧನೆ ಮಾಡದೆಯೇ.

ಇದೆಲ್ಲ ಆಟ, ಪಾಠ ಯಾವಾಗ ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಪೋಷಕರೋ ಹೆಡ್ ಮೇಡಮ್ಮೋ. ವಾದಕ್ಕೆ ಇಳಿಯಬೇಡಿ, ನೋಟ್‌ಬುಕ್ ತೋರಿಸಿ. ಪ್ರತಿ ಮಗುವಿನ ಹೆಸರಿನಲ್ಲಿ ಕೆಲವು ಪುಟ, ಪ್ರತಿ ಕಥೆಗೂ ತಾರೀಖು. ಎರಡರಿಂದ ಐದು ವರ್ಷದ ಮಕ್ಕಳು ಹೇಳಿದ ಕಥೆಗಳನ್ನು ಆರ್ಥರ್ ಆಪಲ್‌ಬಿ ಅನ್ನುವ ಶಿಕ್ಷಣ ಸಂಶೋಧಕರು 1978ರಲ್ಲಿ ಬಿಡಿಸಿ ತೋರಿಸಿದ್ದಾರೆ. ಮೊದಮೊದಲು ಅದು ಸುಮ್ನೆ ಸಂಗತಿಗಳ ರಾಶಿ, ಹುಲಿ, ಬಸ್ಸು, ಅಜ್ಜಿ. ಆಮೇಲೆ ಒಂದಕ್ಕೊಂದು ಕೊಂಡಿ ಬೀಳುತ್ತೆ. ಕೊನೆಕೊನೆಗೆ ಒಂದೇ ಪಾತ್ರ, ಅದರ ಆಸೆ, ಅದಕ್ಕೊಂದು ಅಡ್ಡಿ, ಹೀಗೆ ಪೂರ್ತಿ ಕಥೆಯಾಗುತ್ತೆ. ನಿಮ್ಮ ಪುಟಗಳಲ್ಲೂ ಇದನ್ನೇ ಹುಡುಕಿ. ಬರೀ "ಆಮೇಲೆ, ಆಮೇಲೆ" ಅನ್ನುತ್ತಿದ್ದ ಮಗು ಯಾವಾಗ "ಯಾಕಂದ್ರೆ" ಅನ್ನಲು ಶುರು ಮಾಡಿತು, ಯಾವಾಗ "ಅಷ್ಟರಲ್ಲಿ" ಬಂತು, ಯಾವಾಗ ಪಾತ್ರವೊಂದು ಮೊದಲ ಸಲ ಬಾಯಿ ಬಿಟ್ಟು ಮಾತಾಡಿತು, ಅಲ್ಲೆಲ್ಲ ಗುರುತು ಹಾಕಿಡಿ. ಯಾವ ವರ್ಕ್‌ಶೀಟೂ ಇಷ್ಟು ಸ್ಪಷ್ಟವಾಗಿ ಭಾಷೆ ಬೆಳೆದದ್ದನ್ನು ತೋರಿಸುವುದಿಲ್ಲ.

28 ಮಕ್ಕಳಿಗೆ ಸಮಯ ಎಲ್ಲಿ ಅಂದುಕೊಳ್ಳುತ್ತಿದ್ದೀರಿ, ಅಲ್ವಾ? ದಿನಕ್ಕೆ ಇಬ್ಬರ ಕಥೆ ಮಾತ್ರ ತಗೊಳ್ಳಿ, ಉಳಿದವರು ಚಿತ್ರ ಬಿಡಿಸುತ್ತಲೋ ಬ್ಲಾಕ್ಸ್ ಕಟ್ಟುತ್ತಲೋ ಇರುವಾಗ. ಒಬ್ಬರಿಗೆ ಐದು ನಿಮಿಷ ಸಾಕು. ಮನೆಗೆ ಬಿಡುವ ಮುಂಚೆ ಹತ್ತು ನಿಮಿಷ ಆ ಎರಡನ್ನೂ ಆಡಿಸಿ. ವಾರಕ್ಕೆ ಐದು ದಿನ ಅಂದರೆ ಸುಮಾರು ಮೂರು ವಾರಕ್ಕೆ ಎಲ್ಲರದೂ ಒಂದು ಸುತ್ತು ಆಗುತ್ತೆ. ಸರದಿಯ ಪಟ್ಟಿಯನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಗೋಡೆಗೆ ಅಂಟಿಸಿ, ಓದಲು ಬರದವರಿಗಾಗಿ ಹೆಸರಿನ ಪಕ್ಕ ಒಂದೊಂದು ಚಿತ್ರ ಇರಲಿ. ಚಪ್ಪಲಿಯ ಥರದ ಗುಂಪಿನ ಕಥೆ ವಾರಕ್ಕೊಂದು ಸಾಕು. ಮೊದಲ ಸುತ್ತಿನಲ್ಲಿ ಸಿಗುವ ಕಥೆಗಳು ಬಹುಪಾಲು ಎರಡು ಸಾಲಿನವು, ಒಬ್ಬರದನ್ನು ನೋಡಿ ಒಬ್ಬರು ಹೇಳಿದವು, ಐದಾರು ಮಕ್ಕಳ ಕಥೆಯಲ್ಲಿ ಅದೇ ಹುಲಿ ಬಂದಿರುತ್ತೆ. ಕಾಪಿ ಅಂತ ತಡೆಯಬೇಡಿ. ಎರಡನೇ ಸುತ್ತಿನ ಹೊತ್ತಿಗೆ ಯಾರಾದರೊಬ್ಬರು ಆ ಹುಲಿಗೆ ಹೊಟ್ಟೆನೋವು ತರಿಸಿರುತ್ತಾರೆ, ಉಳಿದವರು ಅಲ್ಲಿಂದ ಮುಂದಕ್ಕೆ ಹೊರಡುತ್ತಾರೆ.